ಹೊಸ ಜತುರಾ ಬಿಲ್ಡ್ ಮಾಡಿಕೊಂಡರೆ ಪಿಡಿಎಫ್‌ನಲ್ಲಿ ಕನ್ನಡ ಪದ ಸಿಗುತ್ತಾ?

ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೆ ಸಿಗುತ್ತಿಲ್ಲ, ಉಬುಂಟು ಲಿನಕ್ಸ್ ಕೊಡುವ ಜತುರಾ (ಪಿಡಿಎಫ್ ಓದುವ ತಂತ್ರಾಂಶ) ಹಳೆಯದು, ಅದಕ್ಕೆ ಸೋರ್ಸ್‌ನಿಂದ ಹೊಸದನ್ನು ಬಿಲ್ಡ್ ಮಾಡಿ (ಅಂದರೆ ನಾವೇ ಕಂಪೈಲ್ ಮಾಡಿ) ಹಾಕಿಕೊಳ್ಳಬೇಕು, ಅದರ ಕಮಾಂಡ್‌ಗಳನ್ನು ಕೊಡಿ ಅಂದಿದ್ದೀರಿ. ನಾನೂ ಇದೇ ಕಾರಣಕ್ಕೆ ಇದೇ ಕೆಲಸಕ್ಕೆ ಕೈ ಹಾಕಿದ್ದೆ.

ಆಗ ಮೊದಲು ಜತುರಾಗೆ ಬೇಕಾದ ಗಿರಾರಾ ಎಂಬ ಲೈಬ್ರರಿ, ಆಮೇಲೆ ಜತುರಾ, ಎರಡನ್ನೂ ಮೆಸನ್ ಮತ್ತು ನಿಂಜಾ ಎಂಬ ಬಿಲ್ಡ್ ಸಾಧನಗಳನ್ನು ಬಳಸಿ ಬಿಲ್ಡ್ ಮಾಡಿದೆ. ಫೈಲ್ ತೆರೆದರೆ ಪ್ಲಗಿನ್ ಇಲ್ಲ ಅಂತ ಎರರ್. ಉಬುಂಟುವಿನ ಪಿಡಿಎಫ್ ಪ್ಲಗಿನ್ ಇತ್ತು, ಆದರೆ ಹೊಸ ಜತುರಾ ಪ್ಲಗಿನ್ ಹುಡುಕುವ ಫೋಲ್ಡರೇ ಬೇರೆ. ಪಿಡಿಎಫ್ ತೆರೆಯುವ ಪಾಪ್ಲರ್ ಪ್ಲಗಿನ್ನನ್ನೂ ಬಿಲ್ಡ್ ಮಾಡಿದ ಮೇಲೆ ಪುಟ ಕಾಣಿಸಿತು.

ಇನ್‌ಸ್ಟಾಲ್ ಆದ ಕೂಡಲೇ ಬಿಲ್ಡ್ ಫೋಲ್ಡರ್‌ಗಳನ್ನು ಅಳಿಸಿಬಿಟ್ಟೆ. ದುಬಾರಿಯಾದದ್ದು ಇದೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾವ ಫೈಲ್ ಎಲ್ಲಿಗೆ ಹೋಗಿ ಕೂತಿದೆ ಅನ್ನುವ ಪಟ್ಟಿ ಬಿಲ್ಡ್ ಫೋಲ್ಡರ್ ಒಳಗಿನ ಮೆಸನ್ ಲಾಗ್‌ನಲ್ಲಿರುತ್ತದೆ. 'ನಿಂಜಾ ಅನ್‌ಇನ್‌ಸ್ಟಾಲ್' ಆ ಪಟ್ಟಿ ನೋಡಿಕೊಂಡೇ ಅಳಿಸುವುದು. ಉಬುಂಟುವಿನ ಪ್ಯಾಕೇಜ್ ಮ್ಯಾನೇಜರ್ ಎಪಿಟಿಗೆ ಈ ಫೈಲ್‌ಗಳ ಲೆಕ್ಕವೇ ಇರುವುದಿಲ್ಲ. ಮುಂದೆ ಉಬುಂಟು ಅಪ್‌ಗ್ರೇಡ್ ಮಾಡಿ ಎಪಿಟಿಯಿಂದಲೇ ಜತುರಾ ಹಾಕಿಕೊಂಡೆ. ಆದರೂ ತೆರೆದುಕೊಳ್ಳುತ್ತಿದ್ದದ್ದು ನಾನು ಬಿಲ್ಡ್ ಮಾಡಿದ್ದೇ, ಏಕೆಂದರೆ ಕಮಾಂಡ್ ಓಡಿಸುವ ಶೆಲ್ ಮೊದಲು ನೋಡುವುದು ನಾವು ಬಿಲ್ಡ್ ಮಾಡಿದ್ದು ಹೋಗಿ ಕೂರುವ 'ಯುಎಸ್‌ಆರ್/ಲೋಕಲ್/ಬಿನ್'. ಅದನ್ನು ಕೈಯಾರೆ ಅಳಿಸಿದೆ. ಆಗ ಎಪಿಟಿಯ ಜತುರಾ ಕೂಡ 'ಸಿಂಬಲ್ ಲುಕಪ್ ಎರರ್' ಅಂತ ಶುರುವಿನಲ್ಲೇ ನಿಂತಿತು. ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ ಅಂತ ತೋರಿಸುವ ಎಲ್‌ಡಿಡಿ ಕಮಾಂಡ್ ಕೊಟ್ಟು ನೋಡಿದರೆ ಗಿರಾರಾ ಸಾಲಿನ ಎದುರು ಮತ್ತೆ 'ಯುಎಸ್‌ಆರ್/ಲೋಕಲ್'! ಲೈಬ್ರರಿಗಳಿಗೂ ಅಲ್ಲಿಯದೇ ಮೊದಲ ಸರದಿ. ಒಂದೊಂದೇ ಫೈಲ್ ಹುಡುಕಿ ತೆಗೆದು, ಲೈಬ್ರರಿಗಳ ಪಟ್ಟಿಯನ್ನು ಹೊಸದು ಮಾಡುವ 'ಎಲ್‌ಡಿಕಾನ್ಫಿಗ್' ಓಡಿಸಿದ ಮೇಲೆ ಸರಿಹೋಯಿತು.

ಇಷ್ಟೆಲ್ಲ ಮಾಡಿದರೂ ಹುಡುಕಾಟ ಮಾತ್ರ ಆಗಲಿಲ್ಲ. ಕೊನೆಗೆ ಪುಟದಲ್ಲಿದ್ದ 'ಕನ್ನಡ' ಎಂಬ ಪದವನ್ನು ಕಾಪಿ ಮಾಡಿ ಎಡಿಟರ್‌ಗೆ ಪೇಸ್ಟ್ ಮಾಡಿದೆ. ಬಂದದ್ದು ಇಂಗ್ಲಿಷ್ 'ಪಿ', ತಲೆಯ ಮೇಲೆ ಗೆರೆಯಿರುವ 'ಎ', ನಡುವೆ ಒಂದು ಪೌಂಡ್ ಗುರುತು. ಅದು ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಕೋಡ್ ಕೊಡುವ ಈಗಿನ ಪದ್ಧತಿ) ಮೊದಲಿನ ನುಡಿ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್. ಕಣ್ಣಿಗೆ ಕನ್ನಡ, ಫೈಲ್ ಒಳಗೆ ಇಂಗ್ಲಿಷ್ ಅಕ್ಷರಗಳ ಕೋಡ್. ನಾವು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಅದು ಹೊಂದುವುದಾದರೂ ಹೇಗೆ? ಹೊಸ ಜತುರಾ ಬಂದರೂ ಅಷ್ಟೇ, ಎವಿನ್ಸ್ ಅಥವಾ ಆಕ್ಯುಲರ್ ಎಂಬ ಬೇರೆ ಪಿಡಿಎಫ್ ರೀಡರ್ ಹಾಕಿದರೂ ಅಷ್ಟೇ.

ಹಾಗಾಗಿ ನೀವು ಕೇಳಿದ ಬಿಲ್ಡ್ ಕಮಾಂಡ್‌ಗಳನ್ನು ನಾನು ಕೊಡುವುದಿಲ್ಲ. ಮೊದಲು ಒಂದು ಪದ ಕಾಪಿ ಮಾಡಿ ನೋಡಿ. ಏನೂ ಆಯ್ಕೆಯಾಗದಿದ್ದರೆ ಅದು ಬರೀ ಸ್ಕ್ಯಾನ್ ಚಿತ್ರ. ಚಿತ್ರವಾಗಲಿ, ಹಳೆಯ ನುಡಿಯಾಗಲಿ, ಎಪಿಟಿಯಲ್ಲೇ ಸಿಗುವ ಓಸಿಆರ್‌ಮೈಪಿಡಿಎಫ್ (ಪಿಡಿಎಫ್ ಪುಟಕ್ಕೆ ಹುಡುಕಬಹುದಾದ ಪಠ್ಯ ಸೇರಿಸುವ ತಂತ್ರಾಂಶ) ಜೊತೆ, ಅದಕ್ಕೆ ಚಿತ್ರದಿಂದ ಅಕ್ಷರ ಓದಿಕೊಡುವ ಟೆಸೆರಾಕ್ಟ್‌ನ ಕನ್ನಡ ಪ್ಯಾಕೇಜ್ ಹಾಕಿಕೊಳ್ಳಿ. ನುಡಿ ಫೈಲ್‌ಗೆ 'ಫೋರ್ಸ್ ಓಸಿಆರ್' ಆಯ್ಕೆ ಕೊಡಲೇಬೇಕು, ಇಲ್ಲದಿದ್ದರೆ ಪುಟದಲ್ಲಿ ಈಗಾಗಲೇ ಪಠ್ಯವಿದೆ ಅಂತ ನಿಂತುಬಿಡುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಬರುತ್ತವೆ, ಆದರೂ ಹುಡುಕುವ ಮಟ್ಟಿಗೆ ಕೆಲಸ ನಡೆಯುತ್ತದೆ. ಮೂಲ ಫೈಲ್ ಮಾತ್ರ ಅಳಿಸಬೇಡಿ, ಏಕೆಂದರೆ ಈ ಆಯ್ಕೆ ಪ್ರತಿ ಪುಟವನ್ನೂ ಚಿತ್ರವಾಗಿ ಮಾಡಿ ಹೊಸ ಫೈಲ್ ಬರೆಯುತ್ತದೆ.