5 ವ್ಯಾಟಿನ ವಾಲ್ವ್ ಆಂಪ್ ಇದೆ, ಲಕ್ಷದೊಳಗೆ ಯಾವ ಟವರ್ ಸ್ಪೀಕರ್ ತಗೊಳ್ಳಲಿ?

ನಿಮ್ಮ ಪ್ರಶ್ನೆ ಇಷ್ಟು: ಇಎಲ್84 ವಾಲ್ವಿನ (ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆ) ಸಿಂಗಲ್ ಎಂಡೆಡ್ ಆಂಪ್, ಅಂದರೆ ಒಂದೊಂದು ಸ್ಪೀಕರಿಗೆ ಒಂದೇ ಔಟ್‌ಪುಟ್ ವಾಲ್ವ್, 5 ವ್ಯಾಟ್. ರೂಮು 12ಕ್ಕೆ 14 ಅಡಿ. ಕೇಳುವುದು ಹೆಚ್ಚಾಗಿ ಕರ್ನಾಟಕ ಸಂಗೀತ, ಸ್ವಲ್ಪ ಜಾಝ್. ಅಂಗಡಿಯವರು "5 ವ್ಯಾಟಿಗೆ ಯಾವ ಟವರೂ ಓಡಲ್ಲ, ಆಂಪ್ ಬದಲಾಯಿಸಿ" ಅಂದಿದ್ದಾರೆ.

ಬದಲಾಯಿಸಬೇಡಿ. ಅವರು ಹೇಳಿದ್ದು ಅರ್ಧ ನಿಜ. ಷೋರೂಮಿನಲ್ಲಿ ಸಾಲಾಗಿ ನಿಂತಿರುವ ಸಣಕಲು ಟವರ್‌ಗಳಿಗೆ 5 ವ್ಯಾಟ್ ಖಂಡಿತ ಸಾಲದು. ಅದು ಆಂಪಿನ ತಪ್ಪಲ್ಲ, ಅಷ್ಟೇ.

ನಾನೂ ಇಂಥದೇ ಆಂಪ್ ಇಟ್ಟುಕೊಂಡು ಮೊದಲು ತಂದದ್ದು ಅಂಥದೇ ಒಂದು ಜೋಡಿ. ಕಂಪನಿ ಹೆಸರು ಬೇಡ. ಎದೆಯುದ್ದ, ಕನ್ನಡಿಯಂತೆ ಹೊಳೆಯುವ ಕಪ್ಪು, ಐದೂವರೆ ಇಂಚಿನ ಎರಡೆರಡು ವೂಫರ್. ತಂಬೂರಿ, ಆಲಾಪನೆ, ಕೃತಿ ಎಲ್ಲ ಸೊಗಸಾಗಿಯೇ ಬಂತು. ತನಿ ಆವರ್ತನ (ತಾಳವಾದ್ಯದ ಸರದಿ) ಶುರುವಾಯಿತು ನೋಡಿ, ಮೃದಂಗದ ತೊಪ್ಪಿಯ (ದಪ್ಪ ನಾದದ ಎಡಮುಖದ) ಪೆಟ್ಟು ಒದ್ದೆ ರಟ್ಟಿಗೆ ಬಡಿದ ಹಾಗೆ ಕೇಳಿಸಿತು. ವಾಲ್ಯೂಮ್ ತಿರುಗಿಸಿದಷ್ಟೂ ಸದ್ದು ಜಾಸ್ತಿ ಆಗಲಿಲ್ಲ, ದಪ್ಪ ಆಯಿತು. ಆಮೇಲೆ ಟಾರ್ಚ್ ಹಿಡಿದು ಹಿಂದಿನ ಸ್ಟಿಕರ್ ಓದಿದೆ: 86 ಡಿಬಿ, 2.83 ವೋಲ್ಟ್, 4 ಓಮ್. ದುಡ್ಡು ಕೊಡುವ ಮೊದಲು ಓದಬೇಕಿತ್ತು ಅಲ್ವಾ?

ಆ ಸ್ಟಿಕರಿನಲ್ಲಿ ಒಂದು ಚಾಲಾಕಿ ಇದೆ. ಡಿಬಿ ಅನ್ನುವ ಸದ್ದಿನ ಅಳತೆಯಲ್ಲಿ ಬರೆದದ್ದು ಸೆನ್ಸಿಟಿವಿಟಿ, ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ. ಸೆನ್ಸಿಟಿವಿಟಿ ಅಂದರೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ಸದ್ದು ಎಂದು ನಾವು ಓದಿಕೊಳ್ಳುತ್ತೇವೆ. ಆದರೆ ಕಂಪನಿಗಳು ಕೊಡುವುದು 2.83 ವೋಲ್ಟ್. 8 ಓಮಿನ ಸ್ಪೀಕರಿಗೆ ಅದು ಸರಿಯಾಗಿ 1 ವ್ಯಾಟ್. 4 ಓಮಿನದಕ್ಕೆ 2 ವ್ಯಾಟ್. ಅಂದರೆ ನನ್ನ 86 ನಿಜವಾಗಿ 83. ದೊಡ್ಡ ಟ್ರಾನ್ಸಿಸ್ಟರ್ ಆಂಪ್ ಇದ್ದವರಿಗೆ ಈ 3 ಡಿಬಿ ಲೆಕ್ಕಕ್ಕಿಲ್ಲ. ನಮ್ಮಂಥವರಿಗೆ ಅದು ಅರ್ಧ ಆಂಪ್.

ಯಾಕೆಂದರೆ ಪ್ರತಿ 3 ಡಿಬಿಗೂ ವ್ಯಾಟ್ ಎರಡರಷ್ಟು ಬೇಕು, 10 ಡಿಬಿಗೆ ಹತ್ತರಷ್ಟು. 97 ಡಿಬಿಯ ಸ್ಪೀಕರ್ 5 ವ್ಯಾಟಿನಲ್ಲಿ ಮಾಡುವ ಸದ್ದನ್ನು 90 ಡಿಬಿಯದ್ದು ಮಾಡಬೇಕಾದರೆ 25 ವ್ಯಾಟ್ ಬೇಕು. 87ರದ್ದಕ್ಕೆ 50. ಇನ್ನು ನಿಮ್ಮ 5 ವ್ಯಾಟೂ ಪೂರ್ತಿ ಶುದ್ಧವಲ್ಲ. ಇಎಲ್84ರ ಡೇಟಾಶೀಟಿನಲ್ಲಿರುವ 5.7 ವ್ಯಾಟ್ 10% ಡಿಸ್ಟಾರ್ಷನ್ ಜೊತೆಗೆ ಬರುವಂಥದ್ದು. ಆಂಪಿನಲ್ಲಿ ಟ್ರಯೋಡ್ ಸ್ವಿಚ್ (ವಾಲ್ವನ್ನು ಬೇರೆ ಬಗೆಯಲ್ಲಿ ಓಡಿಸುವಂಥದ್ದು) ಇದ್ದು ಅದನ್ನು ಒತ್ತಿದರೆ ಸುಮಾರು 2 ವ್ಯಾಟ್ ಉಳಿಯುತ್ತದೆ.

ಹಾಗಂತ ಹೆದರಬೇಡಿ, ಮೊದಲು ಅಳೆಯಿರಿ. ಫೋನಿನಲ್ಲಿ 120 ಹರ್ಟ್ಸ್‌ನ, ಮೈನಸ್ 12 ಡಿಬಿ ಮಟ್ಟದ ಟೋನ್ ಫೈಲ್ ಒಂದನ್ನು ಇಟ್ಟುಕೊಳ್ಳಿ. ನಿಮಗೆ ಇಷ್ಟವಾದ ಕಛೇರಿ ಹಾಕಿ, ಇದಕ್ಕಿಂತ ಜೋರು ಬೇಡ ಎನ್ನುವಲ್ಲಿ ವಾಲ್ಯೂಮ್ ನಿಲ್ಲಿಸಿ. ವಾಲ್ಯೂಮ್ ಮುಟ್ಟದೆ ಟೋನ್ ಹಾಕಿ, ಸ್ಪೀಕರಿನ ಎರಡು ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿಯಿರಿ, ಎಸಿ ವೋಲ್ಟ್‌ನಲ್ಲಿ. ಬಂದ ಅಂಕಿಯನ್ನು 4ರಿಂದ ಗುಣಿಸಿದರೆ ರೆಕಾರ್ಡಿಂಗಿನ ಅತಿ ಜೋರಿನ ಪೆಟ್ಟಿಗೆ ಬೇಕಾದ ವೋಲ್ಟೇಜ್. ಅದರ ವರ್ಗವನ್ನು ಓಮಿನಿಂದ ಭಾಗಿಸಿದರೆ ವ್ಯಾಟ್. ನನ್ನ ಕಪ್ಪು ಟವರ್‌ಗೆ ಮೀಟರ್ 1.6 ತೋರಿಸಿತು. ನಾಲ್ಕರಷ್ಟು ಅಂದರೆ 6.4, ಅದರ ವರ್ಗ ಸುಮಾರು 41, ಭಾಗಿಸು 4. ಹತ್ತು ವ್ಯಾಟ್! ಇರುವುದು 5. ತೊಪ್ಪಿ ಯಾಕೆ ಒದ್ದೆಯಾಗಿತ್ತು ಎಂದು ಆಗ ಗೊತ್ತಾಯಿತು. ಅಷ್ಟೇ ಸದ್ದಿಗೆ ಈಗಿನ ಜೋಡಿಯಲ್ಲಿ ಮೀಟರ್ 0.6 ತೋರಿಸುತ್ತದೆ. 8 ಓಮ್ ಅಂತ ಹಿಡಿದರೆ ಮುಕ್ಕಾಲು ವ್ಯಾಟೂ ಆಗುವುದಿಲ್ಲ.

ನಮ್ಮ ಅಜ್ಜನ ಮನೆಯ ವಾಲ್ವ್ ರೇಡಿಯೋದಲ್ಲೂ ಒಂದೇ ಔಟ್‌ಪುಟ್ ವಾಲ್ವ್ ಇತ್ತು, ಮೂರ್ನಾಲ್ಕು ವ್ಯಾಟ್. ವಾರ್ತೆ ಹಿತ್ತಲಲ್ಲಿ ಪಾತ್ರೆ ತಿಕ್ಕುವವರಿಗೂ ಕೇಳುತ್ತಿತ್ತು. ಹಗುರ ಕಾಗದದ ಕೋನು, ದೊಡ್ಡ ಮರದ ಪೆಟ್ಟಿಗೆ. ಆಗ ವ್ಯಾಟ್ ದುಬಾರಿ, ಮರ ಅಗ್ಗ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಅವರ ಎಆರ್-1 ಸ್ಪೀಕರ್ ಬಂದ ಮೇಲೆ ಸಣ್ಣ ಮುಚ್ಚಿದ ಪೆಟ್ಟಿಗೆಯಿಂದಲೂ ಆಳವಾದ ಬೇಸ್ ಬರತೊಡಗಿತು, ಆದರೆ ವ್ಯಾಟ್ ನುಂಗತೊಡಗಿತು. ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾದ ಮೇಲಂತೂ ಕೇಳುವವರೇ ಇಲ್ಲ. ಕೆಎಲ್‌ಎಚ್ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ 'ಎಚ್', ಆಂಟನ್ ಹಾಫ್‌ಮನ್, ಅವರ ಹೆಸರಿನಲ್ಲಿ ಒಂದು ನಿಯಮವೇ ಇದೆ. ಸಣ್ಣ ಪೆಟ್ಟಿಗೆ, ಆಳದ ಬೇಸ್, ಕಡಿಮೆ ವ್ಯಾಟಿಗೆ ಜೋರು ಸದ್ದು: ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಹಾಗಾಗಿ ಯಾರಾದರೂ ಅಂಗೈ ಅಗಲದ ಟವರ್ ತೋರಿಸಿ "96 ಡಿಬಿ ಸಾರ್, ಬೇಸೂ ಸೂಪರ್" ಅಂದರೆ ನಕ್ಕು ಮುಂದೆ ಹೋಗಿ.

ನಾನು ಈಗ ಕೇಳುತ್ತಿರುವುದು ಕ್ಲಿಪ್ಷ್ ಆರ್‌ಪಿ-8000ಎಫ್, ಸೆಕೆಂಡ್ ಹ್ಯಾಂಡ್. 8 ಇಂಚಿನ ಎರಡು ತಾಮ್ರದ ಬಣ್ಣದ ವೂಫರ್, ಮೇಲೆ ಕೀಚು ಸ್ವರಗಳಿಗೆ ತುತ್ತೂರಿ ಬಾಯಿಯಂಥ ಹಾರ್ನ್. ಕಂಪನಿ 98 ಡಿಬಿ ಎನ್ನುತ್ತದೆ. ಅದು ರೂಮಿನ ಗೋಡೆಗಳಿಂದ ಸಿಗುವ ಬಲವನ್ನೂ ಸೇರಿಸಿ ಕೊಡುವ ಅಂಕಿ. ಹೊರಗಿನವರು ಅಳೆದರೆ ಮೂರ್ನಾಲ್ಕು ಡಿಬಿ ಕಡಿಮೆ ಬರುವುದು ಮಾಮೂಲು. ಕಳೆದರೂ ನಮಗೆ ಧಾರಾಳ. ನಿಮ್ಮ ರೂಮಿಗೆ ಅದರ ತಮ್ಮ, ಆರುವರೆ ಇಂಚಿನ ವೂಫರುಗಳ ಆರ್‌ಪಿ-6000ಎಫ್ ಸಾಕು ಅನಿಸುತ್ತದೆ. ಹೊಸದು ಇನ್ನೂ ಸಿಕ್ಕರೆ ಅದರ ಬೆಲೆ ಅಂಗಡಿಯಿಂದ ಅಂಗಡಿಗೆ ತುಂಬಾ ಬದಲಾಗುತ್ತದೆ, ನಾಲ್ಕು ಕಡೆ ವಿಚಾರಿಸಿ. ಹಳೆಯದಾದರೆ ಇನ್ನೂ ಒಳ್ಳೆಯದು. ಸ್ಪೀಕರ್ ಬೇಗ ಹಾಳಾಗುವ ವಸ್ತುವಲ್ಲ.

ಆದರೆ ಎರಡು ಮಾತು. ಇವುಗಳ ಮೇಲೆ '8 ಓಮ್ ಕಂಪ್ಯಾಟಿಬಲ್' ಎಂದಿರುತ್ತದೆ. ಆ ಎರಡನೇ ಪದವನ್ನು ಗಮನಿಸಿ. ಕೆಲವು ಫ್ರೀಕ್ವೆನ್ಸಿಗಳಲ್ಲಿ ಓಮ್ ಅದಕ್ಕಿಂತ ಸಾಕಷ್ಟು ಕೆಳಗಿಳಿಯುತ್ತದೆ. ಫೀಡ್‌ಬ್ಯಾಕ್ (ಔಟ್‌ಪುಟ್ಟನ್ನು ಇನ್‌ಪುಟ್ಟಿಗೆ ಹೋಲಿಸಿ ತಿದ್ದಿಕೊಳ್ಳುವುದು) ಕಡಿಮೆ ಇರುವ ವಾಲ್ವ್ ಆಂಪಿಗೆ ಈ ಏರಿಳಿತ ಹಿಡಿಸುವುದಿಲ್ಲ, ಓಮ್ ಎಲ್ಲಿ ಇಳಿಯುತ್ತದೋ ಅಲ್ಲಿ ಸದ್ದೂ ಇಳಿಯುತ್ತದೆ. ನಾನು ಆಂಪಿನ ಹಿಂದೆ 8 ಓಮಿನದು ಬಿಟ್ಟು 4 ಓಮಿನ ಟ್ಯಾಪಿಗೆ (ಸ್ಪೀಕರ್ ಟರ್ಮಿನಲ್‌ಗೆ) ತಂತಿ ಹಾಕಿದ ಮೇಲೆ ಬೇಸ್ ಬಿಗಿಯಾಯಿತು. ಎರಡೂ ಟ್ಯಾಪ್ ಹಾಕಿ ಕೇಳಿ, ಆಮೇಲೆ ನಿರ್ಧರಿಸಿ.

ಇನ್ನೊಂದು ನಮ್ಮ ಮನೆಗಳ ನೆಲ. ಟೈಲ್ಸ್ ಹಾಕಿದ ಖಾಲಿ ರೂಮಿನಲ್ಲಿ ಹಾರ್ನ್ ಕಿವಿಗೆ ಚುಚ್ಚುತ್ತದೆ, ಪಿಟೀಲು ಕೀರಲು ಅನಿಸುತ್ತದೆ. ನಾನು ಮದುವೆಮನೆಯಿಂದ ಉಳಿದ ದಪ್ಪ ಜಮಖಾನ ಹಾಸಿದೆ, ಸ್ಪೀಕರುಗಳ ಮುಖವನ್ನು ನನ್ನಿಂದ ಸ್ವಲ್ಪ ಆಚೆ ತಿರುಗಿಸಿದೆ. ಸಾವಿರಾರು ರೂಪಾಯಿಯ ಕೇಬಲ್ ಮಾಡದ ಕೆಲಸವನ್ನು ಅದು ಮಾಡಿತು.

ಹಾರ್ನ್ ಬೇಡವೇ ಬೇಡ ಎಂದರೆ ಫ್ರಾನ್ಸಿನ ಟ್ರಯಾಂಗಲ್ ಬೋರಿಯಾ ಬಿಆರ್08 ಕೇಳಿ. 92 ಡಿಬಿ, ಗಾಯನಕ್ಕೆ ಹೇಳಿ ಮಾಡಿಸಿದಂತಿದೆ. ಮೆಲುವಾಗಿ ಕೇಳುವವರಿಗೆ ಸಾಕು. ತನಿಯನ್ನು ಸಭೆಯಲ್ಲಿ ಕೂತಷ್ಟು ಜೋರಾಗಿ ಕೇಳುವವರಿಗೆ 5 ವ್ಯಾಟಿನಲ್ಲಿ ಎಟುಕುವುದಿಲ್ಲ. ಅಮೆರಿಕದ ಜೂ ಆಡಿಯೋದವರ ಓಮೆನ್ ನಮ್ಮಂಥ ಆಂಪಿಗೆಂದೇ ಹುಟ್ಟಿದ್ದು, 97 ಡಿಬಿ, 12 ಓಮ್. ಆದರೆ ಅಷ್ಟು ತೂಕದ ಮರದ ಪೆಟ್ಟಿಗೆಯನ್ನು ಹಡಗು, ವಿಮಾನ, ಕಸ್ಟಮ್ಸ್ ದಾಟಿಸಿ ತರುವ ಹೊತ್ತಿಗೆ 'ಅಗ್ಗ' ಅನ್ನುವ ಪದ ಮರೆತುಹೋಗುತ್ತದೆ.

ಒಳ್ಳೆಯ ಬಡಗಿ ಪರಿಚಯ ಇದ್ದರೆ ಮೂರನೇ ದಾರಿ ಇದೆ, ಧೈರ್ಯ ಇದ್ದರೆ ನನ್ನ ಓಟು ಅದಕ್ಕೇ. ಜಪಾನಿನ ಫಾಸ್ಟೆಕ್ಸ್ ಎಫ್ಇ206 ಸರಣಿಯ 8 ಇಂಚಿನ ಫುಲ್‌ರೇಂಜ್ ಡ್ರೈವರ್, ಅಂದರೆ ಎಲ್ಲ ಸ್ವರಕ್ಕೂ ಒಂದೇ ಕೋನು, ಸುಮಾರು 96 ಡಿಬಿ, ನಡುವೆ ಸ್ವರಗಳನ್ನು ಹಂಚುವ ಕ್ರಾಸ್‌ಓವರ್ ಇಲ್ಲ. ಪೆಟ್ಟಿಗೆಯ ನಕ್ಷೆಯನ್ನು ಕಂಪನಿಯೇ ಕೊಡುತ್ತದೆ. ಒಳ್ಳೆಯ ಪ್ಲೈವುಡ್ ಹಾಕಿಸಿ. ನನ್ನ ಗೆಳೆಯನೊಬ್ಬ ಹೀಗೆ ಮಾಡಿಸಿದ. ಬಡಗಿ ಮಾತ್ರ ಕೊನೆವರೆಗೂ "ಬೀರುವಿಗೆ ಬಾಗಿಲು ಯಾವಾಗ ಸಾರ್?" ಎಂದು ಕೇಳುತ್ತಲೇ ಇದ್ದನಂತೆ. ಕಂಠ, ವೀಣೆ ಎದುರಿಗೆ ಬಂದು ಕೂರುತ್ತವೆ. ಕೆಳಗಿನ ಬೇಸ್ ಕಡಿಮೆ, ಅದನ್ನು ಒಪ್ಪಿಕೊಂಡೇ ಕೈಹಾಕಬೇಕು.

ಅಂದ ಹಾಗೆ, ನಿಮ್ಮ ವಾಲ್ವ್‌ಗಳು ಹಳತಾಗಿದ್ದರೆ ಹಳೆ ರೇಡಿಯೋ ರಿಪೇರಿಯವರ ಡಬ್ಬಿಗಳಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಎಂದು ಅಚ್ಚಾದವನ್ನು ಹುಡುಕಿ. ಜಾಲಹಳ್ಳಿಯಲ್ಲಿ 1961ರಿಂದ ರೇಡಿಯೋ ವಾಲ್ವ್ ಮಾಡುತ್ತಿದ್ದರು, ಇಎಲ್84 ಕೂಡ. ವಿದೇಶದವರು ಈಗಲೂ ಹುಡುಕಿಕೊಂಡು ಕೊಳ್ಳುತ್ತಾರೆ.

ಸ್ಪೀಕರ್ ಕೇಳಲು ಹೋಗುವಾಗ ನಿಮ್ಮ ಆಂಪನ್ನೇ ಹೊತ್ತುಕೊಂಡು ಹೋಗಿ, ಅಂಗಡಿಯವರು ಗೊಣಗಿದರೂ ಪರವಾಗಿಲ್ಲ. ಅವರ ನೂರು ವ್ಯಾಟಿನ ಆಂಪಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಗಾಯನ ಬೇಡ, ಸೀದಾ ತನಿ ಆವರ್ತನ ಹಾಕಿಸಿ. ಒಂದು ಜೋಡಿ ತೆಗೆದು ಇನ್ನೊಂದು ಸಿಕ್ಕಿಸುವಾಗ ಆಂಪ್ ಆಫ್ ಮಾಡಲು ಮರೆಯಬೇಡಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪಿಗೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ಅದು ಸುಟ್ಟರೆ ಸ್ಪೀಕರಿಗೆ ಇಟ್ಟ ದುಡ್ಡಲ್ಲಿ ಒಂದು ಪಾಲು ಅಲ್ಲಿಗೇ ಹೋಗುತ್ತದೆ.