ಇನಾರಿಗೆ ಬೆಳಗ್ಗೆ ಹೋಗಿ ರಾತ್ರಿ ಬರುವ ಪ್ಲ್ಯಾನ್ ಬಿಡಿ

ಫಿನ್‌ಲ್ಯಾಂಡಿನ ರೊವಾನಿಯೆಮಿಯಲ್ಲಿ ಉಳಿದುಕೊಂಡು, ಡಿಸೆಂಬರ್ 22ರ ಬೆಳಗ್ಗೆ ಬಸ್ಸು ಹತ್ತಿ, ಇನ್ನೂ ಉತ್ತರದ ಇನಾರಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಉಡುಪು ಹಾಕಿಕೊಂಡು ಫೋಟೋ ತೆಗೆಸಿ ರಾತ್ರಿ ವಾಪಸ್ ಬರ್ತೀವಿ ಅಂತ ಬರೆದಿದ್ದೀರಲ್ಲ, ಓದಿ ಸುಮ್ನೆ ಇರಲು ಆಗಲಿಲ್ಲ. ನಾನೂ ಮೊದಲ ಸಲ ಹೀಗೇ ಹೋಗಿದ್ದೆ.

ಒಂದು ಕಡೆಗೇ 325 ಕಿ.ಮೀ. ದೂರ, ಬಸ್ಸಿನಲ್ಲಿ ಐದು ಗಂಟೆ ಹತ್ತಿರ. ಡಿಸೆಂಬರ್ ಮೊದಲ ವಾರದಿಂದ ಜನವರಿ 10ರ ಹೊತ್ತಿನವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನದ ಸುತ್ತ ಮೂರ್ನಾಲ್ಕು ಗಂಟೆ ನೀಲಿ ಬೆಳಕು, ಅಷ್ಟೇ. ನಾವು ಇಳಿದಾಗ ಹನ್ನೆರಡು ದಾಟಿತ್ತು. ಊಟ ಮಾಡಿ ಸೀಡಾ ಅನ್ನುವ ಸಾಮಿ ಮ್ಯೂಸಿಯಂ ಬಾಗಿಲಿಗೆ ಹೋಗುವಷ್ಟರಲ್ಲಿ ಕತ್ತಲು ಇಳಿಯುತ್ತಿತ್ತು. ಒಳಗೆ ನಲವತ್ತು ನಿಮಿಷ ಓಡಾಡಿ ಮತ್ತೆ ಬಸ್ಸಿಗೆ ಓಡಿದೆವು. ಅಷ್ಟು ದೂರ ಹೋಗಿ ನಲವತ್ತು ನಿಮಿಷ! ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸೀಡಾಗೇ ಅರ್ಧ ದಿನ ಬೇಕು. 2021ರಲ್ಲಿ ಹೆಲ್ಸಿಂಕಿಯ ರಾಷ್ಟ್ರೀಯ ಮ್ಯೂಸಿಯಂ ತನ್ನ ಬಳಿ ಇದ್ದ 2,200ಕ್ಕೂ ಹೆಚ್ಚು ಸಾಮಿ ವಸ್ತುಗಳನ್ನು ಇಲ್ಲಿಗೆ ಮರಳಿಸಿತು. 2022ರಲ್ಲಿ ಪ್ರದರ್ಶನವನ್ನೆಲ್ಲ ಹೊಸದಾಗಿ ಕಟ್ಟಿದರು, 2024ರಲ್ಲಿ ಯುರೋಪಿನ ವರ್ಷದ ಮ್ಯೂಸಿಯಂ ಪ್ರಶಸ್ತಿಯೂ ಬಂತು. ಅಜ್ಜಿಯ ಕಾಲದ ಸಾಮಾನು ತವರಿಗೆ ಬಂದ ಹಾಗೆ ಅದು. ನಿಧಾನಕ್ಕೆ ನೋಡಿ. ಆಮೇಲೆ ನಡೆದೇ ಸಾಯೋಸ್‌ಗೆ ಹೋಗಿ, ಫಿನ್‌ಲ್ಯಾಂಡಿನ ಸಾಮಿ ಸಂಸತ್ತು ಇರುವುದು ಅಲ್ಲೇ. ಇನಾರಿ ಪುರಸಭೆಗೆ ಅಧಿಕೃತ ಭಾಷೆ ನಾಲ್ಕು: ಫಿನ್ನಿಶ್, ಉತ್ತರ ಸಾಮಿ, ಇನಾರಿ ಸಾಮಿ, ಸ್ಕೋಲ್ಟ್ ಸಾಮಿ. ಇನಾರಿ ಸಾಮಿ ಮಾತಾಡುವವರು ಬರೀ ಕೆಲವು ನೂರು ಜನ. 1997ರಿಂದ ಪುಟ್ಟ ಮಕ್ಕಳನ್ನು ಆ ಭಾಷೆಯಲ್ಲೇ ಆಡಿಸುವ ಶಿಶುಮನೆ ನಡೆಸಿ ಅದನ್ನು ಉಳಿಸಿಕೊಂಡಿದ್ದಾರೆ.

ಉಡುಪಿನ ವಿಷಯ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಗಾಕ್ತಿ ಅನ್ನುವ ಆ ಸಾಮಿ ಉಡುಪು ಫ್ಯಾನ್ಸಿ ಡ್ರೆಸ್ ಅಲ್ಲ. ಅದರ ಬಣ್ಣ, ಪಟ್ಟಿ ನೋಡಿ ಯಾವ ಊರಿನವರು, ಯಾವ ಮನೆತನ ಅಂತ ಅವರಿಗೆ ತಿಳಿಯುತ್ತದೆ. ಪ್ರವಾಸಿಗಳಿಗೆ ಬಾಡಿಗೆಗೆ ಸಿಗುವುದು ಸಾಮಾನ್ಯವಾಗಿ ನಕಲಿ, ಅದನ್ನು ಕಂಡರೆ ಅವರಿಗೆ ನೋವಾಗುತ್ತದೆ. ನಿಮ್ಮದೇ ಜಾಕೆಟ್‌ನಲ್ಲಿ ಫೋಟೋ ತೆಗೆಸಿಕೊಳ್ಳಿ, ಸಾಕು. 'ಲ್ಯಾಪ್' ಅನ್ನುವ, ಅವರಿಗೆ ಅವಮಾನ ಅನ್ನಿಸುವ ಹಳೇ ಪದವೂ ಬೇಡ, ಸಾಮಿ ಅನ್ನಿ. ಹಾಗೇ 'ನಿಮ್ಮ ಹತ್ತಿರ ಎಷ್ಟು ಹಿಮಸಾರಂಗ ಇವೆ' ಅಂತ ಕೇಳಬೇಡಿ, ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಕೇಳಿದ ಹಾಗೆ. ದಾರಿಯಲ್ಲಿ ಕಾಣುವ ಪ್ರತಿಯೊಂದು ಹಿಮಸಾರಂಗಕ್ಕೂ ಮಾಲೀಕ ಇರುತ್ತಾನೆ, ಕಿವಿಯಲ್ಲಿ ಅವನ ಗುರುತಿನ ಕಚ್ಚು ಇರುತ್ತದೆ. ಬಿಸ್ಕತ್ತು ಹಿಡಿದು ಹಿಂದೆ ಓಡಬೇಡಿ.

ನನ್ನ ಎರಡನೇ ಸಲದ ದಾರಿ ಹೀಗಿತ್ತು. ಹೆಲ್ಸಿಂಕಿಯಿಂದ ವಿಮಾನದಲ್ಲಿ ಒಂದೂವರೆ ಗಂಟೆಗೆ ಇವಾಲೊ, ಅಲ್ಲಿಂದ 50 ಕಿ.ಮೀ. ರಸ್ತೆ, ಇನಾರಿಯಲ್ಲೇ ಮೂರು ರಾತ್ರಿ. ಹೋಗಿದ್ದು ಮಾರ್ಚ್ ಕೊನೆಗೆ. ಹಗಲು ಹದಿಮೂರು ಗಂಟೆ, ಹಿಮ ಗಟ್ಟಿ, ರಾತ್ರಿ ಆಕಾಶದಲ್ಲಿ ಅರೋರಾ ಬೆಳಕು ಕೂಡ ಸಿಕ್ಕಿತು (ಮೋಡ ಇದ್ದರೆ ಯಾರ ಕೈಯಲ್ಲೂ ಇಲ್ಲ ಬಿಡಿ). ಹೆಪ್ಪುಗಟ್ಟಿದ ಕೆರೆಯ ಮೇಲೆ ಹಿಮಸಾರಂಗದ ಓಟದ ಪಂದ್ಯ ನಡೆಯುವುದೂ ಆ ಹೊತ್ತಿಗೇ. ಫೆಬ್ರವರಿ 6 ಸಾಮಿ ರಾಷ್ಟ್ರೀಯ ದಿನ, ಚಳಿ ತಡೆಯುವವರು ಆಗಲೂ ಹೋಗಬಹುದು. ಬೇಸಿಗೆಯಲ್ಲಿ ಹೋದರೆ, ಇನಾರಿ ಸರೋವರದ ಉಕೊನ್‌ಸಾರಿ ಸಾಮಿಗಳ ಪವಿತ್ರ ದ್ವೀಪ, ದೋಣಿಯಿಂದಲೇ ನೋಡಿ, ಮೇಲೆ ಹತ್ತಬೇಡಿ. ಸೊಳ್ಳೆ ವಿಪರೀತ.

ಡಿಸೆಂಬರ್ ಬಿಟ್ಟರೆ ರಜೆಯೇ ಇಲ್ಲ ಅನ್ನುವುದಾದರೆ 24ರಿಂದ 26 ಬಿಟ್ಟು ಹೋಗಿ, ಆ ಮೂರು ದಿನ ಮುಕ್ಕಾಲು ಊರು ಮುಚ್ಚಿರುತ್ತದೆ.

ಶೂ ಒಂದು ಸೈಜ್ ದೊಡ್ಡದೇ ಇರಲಿ. ಬಿಗಿ ಶೂಗೆ ಎರಡು ಸಾಕ್ಸ್ ತುರುಕಿದರೆ ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ಹತ್ತಿಯ ಬನಿಯನ್, ಜೀನ್ಸ್ ಬೇಡವೇ ಬೇಡ. ಜಾಕೆಟ್, ಕೈಗವಸು ಡೆಕಾಥ್ಲಾನ್‌ದು ನಡೆಯುತ್ತದೆ, ಆದರೆ ಮೈಗೆ ತಾಗುವ ಪದರ ಮೆರಿನೊ ಉಣ್ಣೆಯದೇ ಆಗಲಿ, ಅಲ್ಲಿ ಜಿಪುಣತನ ಮಾಡಬೇಡಿ. ಕ್ಯಾಮೆರಾ ಬ್ಯಾಟರಿ ಒಳಜೇಬಿನಲ್ಲಿ.

ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಮೆನುವಿನಲ್ಲಿ ಹಿಮಸಾರಂಗದ ಮಾಂಸ, ಮೀನು ಜಾಸ್ತಿ. ಲೇಪಾಯೂಸ್ತೊ ಅನ್ನುವ ಸುಟ್ಟ ಚೀಸ್ ಕ್ಲೌಡ್‌ಬೆರಿ ಹಣ್ಣಿನ ಜೊತೆ ತುಂಬ ಚೆನ್ನಾಗಿರುತ್ತದೆ, ರೆನೆಟ್ (ಹಾಲು ಒಡೆಯಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆಯುವ ವಸ್ತು) ತಿನ್ನದವರು ಮೊದಲು ಕೇಳಿಕೊಳ್ಳಿ.

ನೆನಪಿಗೆ ಏನಾದರೂ ಕೊಳ್ಳುವುದಾದರೆ ಸಾಮಿಗಳೇ ಕೈಯಿಂದ ಮಾಡಿದ್ದು ಅಂತ ತಿಳಿಸುವ 'ಸಾಮಿ ದುವೋಜಿ' ಗುರುತು ಇರುವುದನ್ನೇ ತೆಗೆದುಕೊಳ್ಳಿ. ಬರ್ಚ್ ಗಂಟಿನಿಂದ ಕೆತ್ತಿದ ಗುಕ್ಸಿ ಬಟ್ಟಲು ದುಬಾರಿಯೇ. ಅಗ್ಗಕ್ಕೆ ಕೊಟ್ಟರೆ ಅದು ಎಲ್ಲಿಯದೋ ಕಾರ್ಖಾನೆಯದು.

ಬಸ್ಸಿನ ಟಿಕೆಟ್ ಕ್ಯಾನ್ಸಲ್ ಆಗುವುದಾದರೆ ಇವತ್ತೇ ಮಾಡಿ, ಇವಾಲೊ ವಿಮಾನದ ದರ ದಿನ ಕಳೆದಂತೆ ಏರುತ್ತದೆ.