ಬೆಟ್ರಿ ಇಲ್ಲದ ಅಕ್ಷರ

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಸೇರಿಸುವ ಹೊತ್ತಿಗೆ ಹೆತ್ತವರಿಂದ ಒಂದೇ ದೂರು ಮತ್ತೆ ಮತ್ತೆ ನನ್ನ ಬಳಿ ಬರುತ್ತದೆ: “ಮನೆಯಲ್ಲಿ ಎಲ್ಲ ಅಕ್ಷರ ಹೇಳ್ತಾನೆ ಟೀಚರೇ, ಶಾಲೆಯಲ್ಲಿ ಒಂದೂ ಬರೂದಿಲ್ಲ ಅಂತಾರೆ.” ಗುರುತು ಸಿಗದಂತೆ ವಿವರ ಬದಲಿಸಿ ಅಂಥದ್ದೊಂದು ಪ್ರಕರಣವನ್ನು ಬರೆಯುತ್ತಿದ್ದೇನೆ.

ಹುಡುಗನಿಗೆ ನಾಲ್ಕೂವರೆ ವರ್ಷ. ಮನೆಮಾತು ಹವ್ಯಕ ಕನ್ನಡ, ಅಂಗನವಾಡಿಯಲ್ಲಿ ಹೆಚ್ಚಾಗಿ ಮಲಯಾಳ. ಒತ್ತಿದರೆ ಅಕ್ಷರ ಹೇಳುವ ಹಲಗೆಯೊಂದು ವರ್ಷದಿಂದ ಅವನ ಬಳಿ ಇದೆ. ಕಲಿಕಾ ನ್ಯೂನತೆಯೇ ಇರಬೇಕೆಂದು ತಾಯಿಗೆ ಹೆದರಿಕೆ. ಕಿವಿ ಪರೀಕ್ಷೆ ಸರಿ ಇತ್ತು, ಮಾತೂ ವಯಸ್ಸಿಗೆ ತಕ್ಕಂತಿತ್ತು.

ಎರಡನೆಯ ಭೇಟಿಗೆ ಹಲಗೆಯನ್ನೇ ತರಲು ಹೇಳಿದೆ. ‘ಗ’ ಎಲ್ಲಿ ಎಂದರೆ ಥಟ್ಟನೆ ಒತ್ತಿದ. ಹಲಗೆಯ ಮೇಲೆ ಬಿಳಿ ಕಾಗದ ಹೊದಿಸಿ ಮತ್ತೆ ಕೇಳಿದಾಗಲೂ ಬೆರಳು ಅದೇ ಜಾಗಕ್ಕೆ ಹೋಯಿತು. ಹಲಗೆ ‘ಗ’ ಅಂದಿತು, ಚಪ್ಪಾಳೆಯನ್ನೂ ಹೊಡೆಯಿತು. ಅವನಿಗೆ ಅಕ್ಷರ ಕಾಣುತ್ತಲೇ ಇರಲಿಲ್ಲ. ಬಳಿಕ ಇನ್ನೊಂದು ಕಾಗದದಲ್ಲಿ ದೊಡ್ಡದಾಗಿ ‘ಗ’ ಬರೆದುಕೊಟ್ಟೆ. ಒತ್ತಿದ, ಇನ್ನೂ ಗಟ್ಟಿಯಾಗಿ ಒತ್ತಿದ. “ಇದು ಹೇಳ್ತಿಲ್ಲೆ. ಬೆಟ್ರಿ ಮುಗುದ್ದಾ?” ಎಂದು ಅಮ್ಮನನ್ನು ಕೇಳಿದ.

ಇಡೀ ಪ್ರಕರಣ ಆ ಪ್ರಶ್ನೆಯಲ್ಲಿದೆ. ಹಲಗೆಯ ಮೇಲಿನ ಅಕ್ಷರಗಳ ಹಾಳೆಯ ಅಡಿಯಲ್ಲಿ ಪ್ರತಿ ಚೌಕಕ್ಕೂ ಒಂದು ಸಂಪರ್ಕಬಿಂದು. ಅದನ್ನು ಒತ್ತಿದಾಗ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ಮೊದಲೇ ತುಂಬಿಸಿಟ್ಟ ದನಿ ಹೊರಡುತ್ತದೆ. ಮಗು ಆಕಾರವನ್ನು ನೋಡಿದೆಯೋ ಇಲ್ಲವೋ, ಯಂತ್ರಕ್ಕೆ ಬೇಕಿಲ್ಲ. ಈತ 49 ಅಕ್ಷರ ಕಲಿತಿರಲಿಲ್ಲ, 49 ಜಾಗ ಕಲಿತಿದ್ದ. ಇಷ್ಟು ಜ್ಞಾಪಕವಿರುವ ಮಗುವಿನ ಬುದ್ಧಿಗೆ ಕೊರತೆಯಿಲ್ಲವೆಂದು ತಾಯಿಗೆ ಮೊದಲು ಹೇಳಬೇಕಾಗಿತ್ತು, ಹೇಳಿದೆ.

ಹಲಗೆಯನ್ನು ಎಸೆಯಲು ಹೇಳಲಿಲ್ಲ. ಇದಕ್ಕೆ ಆಕ್ಷೇಪಿಸುವ ಸಹೋದ್ಯೋಗಿಗಳಿದ್ದಾರೆ. ದನಿ ಮಾಡುವ ಆಟಿಕೆ ಹಿಡಿದಾಗ ಹೆತ್ತವರು ಮಗುವಿನೊಂದಿಗೆ ಆಡುವ ಮಾತು ಕಡಿಮೆಯಾಗುತ್ತದೆಂದು ಅಮೆರಿಕದ ಒಂದು ಸಣ್ಣ ಅಧ್ಯಯನ 2015ರಲ್ಲಿ ತೋರಿಸಿದ್ದು ನಿಜ. ಆದರೆ ಅದು 10ರಿಂದ 16 ತಿಂಗಳ ಕೂಸುಗಳ ಕುರಿತು. ನಾಲ್ಕು ವರ್ಷದವನಿಂದ ಇಷ್ಟದ ವಸ್ತು ಕಸಿದರೆ ಅಕ್ಷರವೆಂದರೇ ಮುನಿಸಾದೀತು.

ಬದಲಿಗೆ, ದಿನಕ್ಕೆ ಹತ್ತು ನಿಮಿಷ, ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು. ಮೊದಲು ಅಕ್ಷರ ಬರೆದ ರಟ್ಟಿನ ಚೀಟಿ ತೋರಿಸಬೇಕು, ಮಗು ಬಾಯಿಬಿಟ್ಟು ಹೇಳಬೇಕು, ಸರಿಯೋ ತಪ್ಪೋ ನೋಡಲು ಕೊನೆಗೆ ಹಲಗೆ ಒತ್ತಬೇಕು. ಈ ಕ್ರಮ ಅದಲುಬದಲಾದರೆ ಹಳೆಯ ಕತೆಯೇ. ‘ಅ’ದಿಂದ ‘ಳ’ದವರೆಗೆ ಸಾಲಾಗಿ ಹೋಗುವುದೂ ಬೇಡ. ಆಡುತ್ತ ಕಲಿಸುವ ಕರ್ನಾಟಕದ ನಲಿ-ಕಲಿ ತರಗತಿಗಳಲ್ಲಿ ಮೊದಲು ಬರುವ ರ, ಗ, ಸ, ದ, ಅ ಸಾಕು: ಸರ, ರಸ, ಅರಸ, ಅಗಸ ಕೂಡಲೇ ಓದಲು ಸಿಗುತ್ತವೆ. ಚೀಟಿಗಳನ್ನು ದಿನಾ ಕಲಸಿ, ಜಾಗ ಬದಲಿಸಿ ಇಡಬೇಕು. ವ, ಪ, ಮ ಒಂದೇ ದಿನ ಬೇಡ, ಗೊಂದಲವಾಗುತ್ತದೆ. ಕೆಲವು ಹಲಗೆಗಳಲ್ಲಿ ‘ಖ’ವೂ ‘ಕ’ದಂತೆ, ‘ಳ’ವೂ ‘ಲ’ದಂತೆ ಕೇಳುತ್ತದೆ, ಅಲ್ಲಿ ಅಜ್ಜಿಯ ಬಾಯಿಯೇ ಆಗಬೇಕು.

ಮಲಯಾಳದ ಹಲಗೆಯೂ ತರಬಹುದೇ ಎಂದು ತಂದೆ ಕೇಳಿದರು. ಈಗ ಬೇಡವೆಂದೆ. ಅಲ್ಲೂ ಕ, ಖ, ಗ, ಘ ಎಂದೇ ಸಾಲು. ಆಕಾರ ಬೇರೆಯಾದರೂ ಬೆರಳಿಗೆ ಹಳೆಯ ಜಾಗವೇ ಸಿಗುತ್ತದೆ.

ಬ್ಯಾಟರಿ ಡಬ್ಬಿಯ ಸ್ಕ್ರೂ ಕಳೆದುಹೋಗಿತ್ತು. ಅದನ್ನು ಅಂದೇ ಹಾಕಿಸಲು ಹೇಳಿದೆ. ನಾಣ್ಯದಂಥ ಲಿಥಿಯಂ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಒಯ್ಯಬೇಕು.

ಕಲಿಕಾ ನ್ಯೂನತೆಯ ಪರೀಕ್ಷೆ ಈ ವಯಸ್ಸಿಗೆ ಬೇಡ. ಒಂದನೇ ತರಗತಿ ಮುಗಿದ ಮೇಲೂ ಚೀಟಿಯ ಅಕ್ಷರ ಗುರುತಿಸಲು ಒದ್ದಾಡುತ್ತಿದ್ದರೆ ಬರಲಿ, ಬರುವಾಗ ಶಾಲೆಯ ನೋಟುಪುಸ್ತಕವನ್ನೂ ತರಲಿ.